ಬಾರ್ಟನ ತಲೆಯ ಹಕ್ಕಿ

ಮೈಸೂರಿನ ಒಂದು ಮನೆ. ಪದವಿಯ ಮೊದಲ ವರ್ಷದ ಹುಡುಗಿ ಇಂಗ್ಲಿಷ್ ಪಠ್ಯವನ್ನು ಎದುರಿಗೆ ತೆರೆದಿಟ್ಟುಕೊಂಡು ಮೊಬೈಲಿನಲ್ಲಿ ಕಾರ್ಟೂನ್ ನೋಡುತ್ತಿದ್ದಳು. ಮರುದಿನವೇ ಟೆಸ್ಟು. ಅಪ್ಪನಿಗೆ ರೇಗಿತು.

"ಓದೋದು ಬಿಟ್ಟು ಇದೇನೇ?"

"ಓದ್ತಾನೇ ಇದೀನಪ್ಪಾ. ಇದೇ ಪದ್ಯ" ಎಂದು ಮೊಬೈಲನ್ನು ಅವರತ್ತ ತಿರುಗಿಸಿದಳು.

ಸುಳ್ಳಲ್ಲ. ಎಡ್ಗರ್ ಅಲನ್ ಪೋ 1845ರಲ್ಲಿ ಪ್ರಕಟಿಸಿದ 'ದಿ ರೇವನ್' ಕವಿತೆಯನ್ನು ಅಮೆರಿಕದ 'ದಿ ಸಿಂಪ್ಸನ್ಸ್' ಕಾರ್ಟೂನ್ ಧಾರಾವಾಹಿ 1990ರ ಅಕ್ಟೋಬರಿನಲ್ಲಿ ತನ್ನ ಹ್ಯಾಲೋವೀನ್ ಕಂತಿಗೆ ಬಳಸಿಕೊಂಡಿತ್ತು. ಪ್ರಿಯತಮೆಯನ್ನು ಕಳೆದುಕೊಂಡವನೊಬ್ಬ ನಡುರಾತ್ರಿ ಒಂಟಿಯಾಗಿ ಕುಳಿತಿದ್ದಾನೆ. ಕಾಗೆಯ ಜಾತಿಯ ದೊಡ್ಡ ಕರಿಹಕ್ಕಿಯೊಂದು ಒಳಗೆ ಬರುತ್ತದೆ. ಏನು ಕೇಳಿದರೂ 'ಇನ್ನೆಂದಿಗೂ ಇಲ್ಲ' ಎಂಬರ್ಥದ ಒಂದೇ ಮಾತು ಅದರದು. ಕಾರ್ಟೂನಿನಲ್ಲಿ ಆ ದುಃಖಿ ಹೋಮರ್. ಹಕ್ಕಿಗೆ ಅವನ ತುಂಟ ಮಗ ಬಾರ್ಟನ ತಲೆ! ಪದ್ಯ ಓದುವ ದನಿ ಮಾತ್ರ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರ ಗಂಭೀರ ಕಂಠ. ಕೆಲವು ಚರಣಗಳನ್ನು ಬಿಟ್ಟಿದ್ದಾರೆ. ಉಳಿದದ್ದು ಬಹುಪಾಲು ಪೋನ ಮಾತೇ. ನಡುವೆ ಹಕ್ಕಿ ಏನೋ ಉಡಾಫೆಯ ಮಾತಾಡಿದಾಗ ತಂಗಿ ಲೀಸಾ ಗದರುತ್ತಾಳೆ, ಅದು ಹೇಳುವುದು ಒಂದೇ ಮಾತು ಎಂದು. ಇಡೀ ಪೀರಿಯಡ್ಡಿನ ಪಾಠಕ್ಕಿಂತ ಆ ಒಂದು ಗದರಿಕೆಯಿಂದ ಪದ್ಯದ ಪಲ್ಲವಿ ಹುಡುಗಿಗೆ ಚೆನ್ನಾಗಿ ಮನದಟ್ಟಾಗಿತ್ತು. (ಆ ಮಾತನ್ನು ಆಡಿಸಲು ತನಗೆ ಮೊದಲು ಹೊಳೆದದ್ದು ಗಿಳಿ ಎಂದು ಪೋ 1846ರ ಪ್ರಬಂಧವೊಂದರಲ್ಲಿ ಬರೆದಿದ್ದಾನೆ. ಗಿಳಿಗೂ ಬಾರ್ಟನಿಗೂ ಅಂಥ ದೂರವೇನಿಲ್ಲ.) ಕಂತಿನ ಕೊನೆಗೆ ಮಕ್ಕಳು ಹಾಯಾಗಿ ಮಲಗುತ್ತಾರೆ, ಕದ್ದು ಕೇಳಿದ ಹೋಮರನಿಗೇ ನಿದ್ದೆ ಇಲ್ಲ.

"ಪದ್ಯ ಅಂದ್ರೆ ಪುಸ್ತಕದಲ್ಲಿ ಓದಬೇಕು. ನಾವು ಬೇಂದ್ರೆಯವರನ್ನ ಓದಿದ್ದು ಹಾಗೇ" ಎಂದರು ಅಪ್ಪ.

ಅಡುಗೆಮನೆಯಿಂದ ಅಮ್ಮನ ದನಿ ಬಂತು: "ರೀ, 'ಬೆಳಗು' ಪದ್ಯ ಹಾಡದೆ ಹೇಳಿ, ನೋಡೋಣ."

ಅವರು ಶುರು ಮಾಡಿದರು. ಎರಡನೆಯ ಸಾಲಿಗೇ ಎಸ್. ಜಾನಕಿಯವರ ರಾಗ ಬಂದು ಕೂತಿತು. 1967ರ 'ಬೆಳ್ಳಿಮೋಡ' ಚಿತ್ರದ ಹಾಡು, ವಿಜಯಭಾಸ್ಕರ್ ಸಂಗೀತ. ಮಗಳು ಬಿದ್ದು ಬಿದ್ದು ನಕ್ಕಳು. ಅಪ್ಪನೂ ನಕ್ಕರು, ಸ್ವಲ್ಪ ತಡವಾಗಿ.

"ಆದ್ರೆ ನಾನು ಕೇಳಿದ್ದು ನಿಮ್ಮಜ್ಜಿಯ ರೇಡಿಯೋದಲ್ಲಿ ಕಣೇ. ಸಿನಿಮಾ ನೋಡಿದ್ದು ಎಷ್ಟೋ ವರ್ಷದ ಮೇಲೆ. ಅದರೊಳಗಿನ ಬೆಳಗನ್ನ ನಾನೇ ಕಲ್ಪಿಸ್ಕೋಬೇಕಿತ್ತು. ನಮ್ಮ ಹಿತ್ತಲು, ಹುಲ್ಲಿನ ಬಣವೆ, ಅದರ ಹಿಂದೆ ಕೆಂಪು. ಈಗಲೂ ಅದೇ ಕಾಣತ್ತೆ."

ಹುಡುಗಿ ಮೊಬೈಲನ್ನು ಬೋರಲು ಹಾಕಿ ಪದ್ಯವನ್ನು ಗಟ್ಟಿಯಾಗಿ ಓದತೊಡಗಿದಳು. ನೂರೆಂಟು ಸಾಲು. ಲಯ ಎಲ್ಲೂ ತಪ್ಪಲಿಲ್ಲ; ಅದು ಕಾರ್ಟೂನಿನ ಕೊಡುಗೆ. ಹಕ್ಕಿ ಬಂದ ಕಡೆಯಲ್ಲೆಲ್ಲ ಮಾತ್ರ ಬಾರ್ಟನೇ ಬರುತ್ತಿದ್ದ. "ಹೋಗೋ ಅತ್ಲಾಗೆ" ಎಂದು ಅವನನ್ನೂ ಗದರಿದಳು. ಕಾರ್ಟೂನಿನಲ್ಲಿ ಇಲ್ಲದ ಚರಣಕ್ಕೆ ಬಂದಾಗ ಓದು ತಾನಾಗಿ ನಿಧಾನವಾಯಿತು. ಅಲ್ಲಿ ಯಾರ ಮುಖವೂ ಇರಲಿಲ್ಲ.

"ಅಪ್ಪಾ, ಅದು ಏನು ಹೇಳತ್ತೆ ಅಂತ ಅವನಿಗೆ ಗೊತ್ತು. ಆದ್ರೂ ಯಾಕೆ ಮತ್ತೆ ಮತ್ತೆ ಕೇಳ್ತಾನೆ?"

ಅಪ್ಪ ತಕ್ಷಣ ಉತ್ತರಿಸಲಿಲ್ಲ. ಅಜ್ಜಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕೆಟ್ಟುಹೋದ ಆ ರೇಡಿಯೋ ಗೂಡಿನಲ್ಲೇ ಇತ್ತು.

"ಮುಂದೆ ಓದು" ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.