ಒಬ್ಬನೇ ವಿದ್ಯಾರ್ಥಿಯ ಚಿತ್ರಕಲಾ ತರಗತಿ

ಧಾರವಾಡದಲ್ಲಿ, ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿರುವ 11 ವರ್ಷದ ಹುಡುಗನಿಗೆ ವಾರಕ್ಕೆರಡು ಸಂಜೆ ಚಿತ್ರಕಲೆ ಹೇಳಿಕೊಡುತ್ತಿದ್ದೇನೆ. ಓದು, ಲೆಕ್ಕ ಎರಡರಲ್ಲೂ ಚುರುಕು. ಚಿತ್ರ ಬರೆಯಲು ಕೂತರೆ ಮಾತ್ರ ಹತ್ತು ನಿಮಿಷಕ್ಕೆ ಹಾಳೆ ಹರಿಯುತ್ತಿದ್ದ; ಕೊನೆಗೆ ಪೆನ್ಸಿಲ್ ಹಿಡಿಯುವುದನ್ನೇ ಬಿಟ್ಟ. ತಾಯಿ ನನ್ನನ್ನು ಕರೆದದ್ದು ಅದಕ್ಕೇ.

ಬೋಧನಾಭ್ಯಾಸದಲ್ಲಿ ನಮಗೆ ರೂಢಿಯಾದದ್ದು 40 ಮಕ್ಕಳ ತರಗತಿ. ಅಲ್ಲಿ ಅರ್ಧ ಪಾಠವನ್ನು ಪಕ್ಕದವರ ಹಾಳೆಯೇ ಮಾಡಿಬಿಡುತ್ತದೆ. ಒಬ್ಬ ಮರವನ್ನು ಮೂಲೆಗೆ ಒತ್ತಿರುತ್ತಾನೆ, ಇನ್ನೊಬ್ಬಳು ಹಾಳೆ ತುಂಬ ಹರಡಿರುತ್ತಾಳೆ; ಚರ್ಚೆ ತಾನಾಗಿ ಹುಟ್ಟುತ್ತದೆ. ಈ ಹುಡುಗನಿಗೆ ಹೋಲಿಸಿಕೊಳ್ಳಲು ಇದ್ದದ್ದು ಪುಸ್ತಕದಲ್ಲಿ ಅಚ್ಚಾದ ಚಿತ್ರ ಮತ್ತು ಮೊಬೈಲಿನ ವಿಡಿಯೊ. ತನ್ನ ವಯಸ್ಸಿನವರ ಸೊಟ್ಟ ಗೆರೆಯನ್ನು ಅವನು ನೋಡಿಯೇ ಇರಲಿಲ್ಲ. ನಿಜವಾದ ತೊಡಕು ಇದು, ಕೈಯ ಕೊರತೆಯಲ್ಲ ಎಂದು ನನಗನ್ನಿಸಿತು.

ಸಮತೋಲನ, ಲಯ, ಪ್ರಾಧಾನ್ಯ, ವೈದೃಶ್ಯ ಎಂಬ ಪಟ್ಟಿ ಪಾಠ ಯೋಜನೆಯಲ್ಲೇ ಉಳಿಯಿತು. ಪೆನ್ಸಿಲನ್ನೂ ಕೊಡಲಿಲ್ಲ. ಕಪ್ಪು ಕಾಗದದಲ್ಲಿ ದೊಡ್ಡ, ನಡು, ಸಣ್ಣ ಅಳತೆಯ ಮೂರು ವೃತ್ತಗಳಂತೆ ನಾಲ್ಕು ಜೊತೆ ಕತ್ತರಿಸಿದೆವು. ಪೋಸ್ಟ್‌ಕಾರ್ಡ್ ಅಳತೆಯ ನಾಲ್ಕು ಹಾಳೆಗಳಲ್ಲಿ ಅವುಗಳನ್ನು ಬೇರೆ ಬೇರೆ ರೀತಿ ಅಂಟಿಸಿ ಗೋಡೆಗೆ ಹಚ್ಚಿದ. ತಾಯಿ, ಅಜ್ಜಿ, ಪಕ್ಕದ ಮನೆಯವರನ್ನು ಒಬ್ಬೊಬ್ಬರಾಗಿ ಕರೆದು, "ಮೊದಲು ಕಣ್ಣು ಎಲ್ಲಿಗೆ ಹೋಯ್ತು?" ಎಂದು ಕೇಳಿ ಬರೆದುಕೊಂಡ. ಒಂದು ಹಾಳೆಯಲ್ಲಿ ಎಲ್ಲರೂ ತೋರಿಸಿದ್ದು ಸಣ್ಣ ವೃತ್ತವನ್ನು. ದೊಡ್ಡವೆರಡು ಒಂದು ಮೂಲೆಯಲ್ಲಿ ಒತ್ತಿಕೊಂಡಿದ್ದವು, ಅದೊಂದೇ ದೂರದಲ್ಲಿತ್ತು. "ದೊಡ್ಡದನ್ನ ಬಿಟ್ಟು ಇದನ್ಯಾಕ ನೋಡ್ತಾರ?" ಎಂದ. ಪ್ರಾಧಾನ್ಯ ಎಂಬ ಹೆಸರನ್ನು ಆಗ ಹೇಳಿದೆ. ಅವನವೇ ನಾಲ್ಕು ಹಾಳೆಗಳು ಸಹಪಾಠಿಗಳ ಕೆಲಸ ಮಾಡಿದ್ದವು.

ಮುಂದಿನ ಪಾಠ ಅಜ್ಜಿಯಿಂದ. 7ರಿಂದ 4ಕ್ಕೆ ಇಳಿಯುವ ಸಂದು ಚುಕ್ಕಿ, 7ರಿಂದ 1ಕ್ಕೆ ಇಳಿಯುವ ನೇರ ಚುಕ್ಕಿ ಎರಡನ್ನೂ ಹಾಳೆಯ ಮೇಲೆ ಇಡಿಸಿದೆ. ಎಣಿಸಿದ: ಒಂದರಲ್ಲಿ 37, ಇನ್ನೊಂದರಲ್ಲಿ 25. ಹಾಳೆಯನ್ನು ಒಂದು ಸುತ್ತು ತಿರುಗಿಸಿದರೆ ಮೊದಲನೆಯದು ಆರು ಸಲ, ಎರಡನೆಯದು ನಾಲ್ಕು ಸಲ ಇದ್ದಂತೆಯೇ ಕಾಣುತ್ತದೆ. ಸಮತೋಲನಕ್ಕೆ ನಡುವೆ ಗೆರೆ ಎಳೆದು ಎಡ-ಬಲ ತೋರಿಸುವ ನಮ್ಮ ವಾಡಿಕೆಯ ಉದಾಹರಣೆ ಇದರ ಮುಂದೆ ಬಡವಾಗಿ ಕಂಡಿತು. ಲೆಕ್ಕ ಇಷ್ಟಪಡುವ ಮಕ್ಕಳಿಗಂತೂ ಇದು ಒಳ್ಳೆಯ ದಾರಿ.

ಲಯಕ್ಕೆ ಅಜ್ಜಿಯ ಸೀರೆಯ ಕಸೂತಿ. ಎಳೆ ಎಣಿಸಿ ಹಾಕುವ ಗವಂತಿಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತಾರೆ. ಎರಡೂ ಮಗ್ಗುಲು ಒಂದೇ ತರಹ. "ಗಂಟು ಎಲ್ಲೈತಿ ಹುಡುಕು ನೋಡೋಣ" ಎಂದರು ಅಜ್ಜಿ. ಅವನಿಗೆ ಸಿಗಲಿಲ್ಲ. ಬಿಟ್ಟ ಜಾಗವೂ ವಿನ್ಯಾಸದ ಭಾಗ ಎಂಬುದಕ್ಕೆ ನಾನು ಬೇರೆ ವಿವರಣೆ ಕೊಡಲಿಲ್ಲ.

ಆದರೂ ಸ್ವಂತ ಹಾಳೆಗಳು ಎಷ್ಟಾದರೂ ಸ್ವಂತದವೇ. ನಾನು ಬೋಧನಾಭ್ಯಾಸಕ್ಕೆ ಹೋಗುವ ಶಾಲೆಯ ಆರನೇ ತರಗತಿಯಲ್ಲಿ ವೃತ್ತಗಳ ಚಟುವಟಿಕೆ ಮಾಡಿಸಿ, ಮಕ್ಕಳ ಒಪ್ಪಿಗೆ ಪಡೆದು, ಹೆಸರಿಲ್ಲದ 12 ಹಾಳೆ ಅವನಿಗೆ ಒಯ್ದೆ. ಒಂದೊಂದನ್ನೂ ತುಂಬ ಹೊತ್ತು ನೋಡಿದ. ಒಂದರಲ್ಲಿ ವೃತ್ತದ ಅರ್ಧ ಭಾಗ ಹಾಳೆಯ ಆಚೆ ಹೋಗಿ ಕತ್ತರಿಸಿಹೋಗಿತ್ತು. "ಹಿಂಗೂ ಮಾಡಬೌದಾ?" ಎಂದು ಅದನ್ನೇ ನಾಲ್ಕು ಬಗೆಯಲ್ಲಿ ಮಾಡಿದ, ಈ ಸಲ ಪೆನ್ಸಿಲಿನಲ್ಲಿ.

ತಂದೆ ಅಂಕ ಎಷ್ಟು ಎಂದು ಕೇಳುತ್ತಾರೆ. ತಾರೀಖು ಹಾಕಿದ ಹಾಳೆಗಳ ಕಡತವನ್ನು ಅವರ ಕೈಗೆ ಕೊಡುತ್ತೇನೆ. ಪ್ರಮಾಣ, ಬಣ್ಣ ಇನ್ನೂ ಬಾಕಿ ಇವೆ. ಹುಡುಗನ ನಾಲ್ಕು ಹಾಳೆಗಳು ಈ ವಾರ ಆರನೇ ತರಗತಿಯ ಗೋಡೆಗೆ ಹೋಗಲಿವೆ.