ಸೆಟ್ಟಿನ ಸಂಸಾರ

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಹೊರಬಂತು. ಅದರಲ್ಲಿ ಅತಿ ಹೆಚ್ಚು ಜಾಗ ಹಿಡಿದ ಪದ ಯಾವುದಿರಬಹುದು? ವಿದ್ವತ್ತು ಸೂಸುವ ಮಾರುದ್ದದ ಪದವಲ್ಲ. ದೇವರು, ಪ್ರೀತಿ, ಸಾವು ಯಾವುದೂ ಅಲ್ಲ. ಶಾಲೆಯ ಮಕ್ಕಳಿಗೂ ಗೊತ್ತಿರುವ ‘ಸೆಟ್’. ಅದರ ಕ್ರಿಯಾಪದ ಒಂದಕ್ಕೇ 430 ಅರ್ಥಗಳು, ಅವನ್ನು ವಿವರಿಸಲು ಸುಮಾರು 60,000 ಪದಗಳು. ಒಂದು ಪದದ ಅರ್ಥ ಹೇಳುವುದಕ್ಕೆ ನಿಘಂಟಿನವರು ಒಂದು ಕಾದಂಬರಿಯಷ್ಟು ಬರೆದರು.

ಈ ನಿಘಂಟಿನ ಮೊದಲ ಕಂತು ಅಚ್ಚಾದದ್ದು 1884ರಲ್ಲಿ, ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ. ಸಂಪಾದಕ ಜೇಮ್ಸ್ ಮರ್ರೆ ಆಕ್ಸ್‌ಫರ್ಡಿನ ತಮ್ಮ ಮನೆಯ ತೋಟದಲ್ಲಿ ತಗಡಿನ ಶೆಡ್ಡು ಹಾಕಿಸಿ, ಓದುಗರು ಕಳಿಸುತ್ತಿದ್ದ ಚೀಟಿಗಳನ್ನು ಅಲ್ಲಿನ ಗೂಡುಗಳಲ್ಲಿ ವಿಂಗಡಿಸಿಡುತ್ತಿದ್ದರು. ಕೆಲಸ ಮುಗಿಯುವ ಮೊದಲೇ, 1915ರಲ್ಲಿ, ತೀರಿಕೊಂಡರು. ‘ಎಸ್’ ಅಕ್ಷರದ ಮೊದಲ ಭಾಗ ಹೆನ್ರಿ ಬ್ರಾಡ್ಲಿ ಎಂಬ ಮತ್ತೊಬ್ಬ ಸಂಪಾದಕರ ಪಾಲಿನದು. ಸೆಟ್ಟಿನ ಕಾಟ ಸುತ್ತಿಕೊಂಡದ್ದು ಅವರಿಗೆ.

ಈಗ ಆ ಪಟ್ಟ ಸೆಟ್ಟಿನ ಕೈತಪ್ಪಿದೆ. 2011ರ ಹೊತ್ತಿಗೆ ಮೂರನೇ ಆವೃತ್ತಿಗಾಗಿ ‘ರನ್’ ಕ್ರಿಯಾಪದವನ್ನು ಪರಿಷ್ಕರಿಸಿದ ಪೀಟರ್ ಗಿಲ್ಲಿವರ್ ಎಂಬ ನಿಘಂಟುಕಾರರು 645 ಅರ್ಥ ಎಣಿಸಿದರು. ಅದಕ್ಕೆ ಅವರಿಗೆ ಹಿಡಿದದ್ದು ಒಂಬತ್ತು ತಿಂಗಳು. ಯಂತ್ರಗಳು ಓಡುವ, ಪ್ರೋಗ್ರಾಂಗಳು ಓಡುವ ಕಾಲದಲ್ಲಿ ‘ರನ್’ ಮುಂದೆ ಓಡಿದ್ದು ಸಹಜವೇ. ಆದರೂ ಕನ್ನಡಿಗರ ಮಟ್ಟಿಗೆ ‘ರನ್’ ಹೆಚ್ಚಾಗಿ ಕ್ರಿಕೆಟ್ ಮೈದಾನದಲ್ಲೇ ಉಳಿಯಿತು. ಅಡುಗೆಮನೆಗೂ ಹೊಲಕ್ಕೂ ನುಗ್ಗಿದ್ದು ಸೆಟ್.

ಪುಟ್ಟ ಪದಗಳೇ ಹೀಗೆ ಊದಿಕೊಳ್ಳುವುದೇಕೆ? ಅವುಗಳಲ್ಲಿ ಸ್ವಂತ ತೂಕ ಕಡಿಮೆ, ಯಾರ ಜೊತೆ ಬೇಕಾದರೂ ಹೋಗುತ್ತವೆ. ಇಂಗ್ಲಿಷಿನಲ್ಲಿ ಸೆಟ್ ಪಕ್ಕ ‘ಅಪ್’ ನಿಂತರೆ ಸ್ಥಾಪಿಸುವುದು, ‘ಔಟ್’ ನಿಂತರೆ ಹೊರಡುವುದು, ‘ಆಫ್’ ನಿಂತರೆ ಹೊರಡುವುದೂ ಹೌದು, ಪಟಾಕಿ ಸಿಡಿಸುವುದೂ ಹೌದು. ‘ಇನ್’ ಬಂತೋ, ಮಳೆ ಹಿಡಿಯಿತು ಎಂದರ್ಥ. ಕನ್ನಡದ ‘ಹೊಡೆ’ಯೂ ಇದೇ ಜಾತಿಯದು. ಗೋಡೆಗೆ ಬಣ್ಣ ಹೊಡೆಯುತ್ತೇವೆ, ಕಟ್ಟೆಯ ಮೇಲೆ ಹರಟೆ ಹೊಡೆಯುತ್ತೇವೆ, ಊಟವಾದ ಮೇಲೆ ನಿದ್ದೆ ಹೊಡೆಯುತ್ತೇವೆ. ಯಾರಿಗೂ ಪೆಟ್ಟಾಗುವುದಿಲ್ಲ.

ಸೆಟ್ಟಿನ ಸಂಸಾರ ಇನ್ನೂ ಗೋಜಲಾದದ್ದಕ್ಕೆ ಬೇರೆ ಕಾರಣವಿದೆ. ಅದು ಒಂದು ಪದವೇ ಅಲ್ಲ, ಎರಡು ಮನೆತನಗಳು ಒಂದೇ ಹೆಸರಿಟ್ಟುಕೊಂಡು ಬೆರೆತುಹೋದ ಕಥೆ. ಕ್ರಿಯಾಪದದ ಮೂಲ ಹಳೆಯ ಇಂಗ್ಲಿಷಿನ ‘ಸೆಟ್ಟನ್’. ಅದು ‘ಸಿಟ್’ ಎಂಬುದರ ಪ್ರೇರಣಾರ್ಥಕ ರೂಪ, ಅಂದರೆ ಸರಿಯಾಗಿ ನಮ್ಮ ‘ಕೂರಿಸು’. ಟೀ ಸೆಟ್ಟು, ಡಿನ್ನರ್ ಸೆಟ್ಟುಗಳ ನಾಮಪದ ಬಂದದ್ದು ಬೇರೆ ದಾರಿಯಿಂದ: ಲ್ಯಾಟಿನ್ನಿನ ‘ಸೆಕ್ಟಾ’ದಿಂದ, ಹಳೆಯ ಫ್ರೆಂಚಿನ ಮೂಲಕ. ಸೆಕ್ಟಾ ಎಂದರೆ ಒಬ್ಬ ಗುರುವಿನ ಹಿಂದೆ ನಡೆಯುವ ಅನುಯಾಯಿಗಳ ಗುಂಪು. ‘ಪಂಥ’ ಎಂಬರ್ಥದ ಇಂಗ್ಲಿಷ್ ಪದವೂ ಅದರದೇ ಸಂತಾನ. ಕ್ರಮೇಣ ಈ ಎರಡೂ ಮನೆಯವರು ಒಂದೇ ಪಂಕ್ತಿಯಲ್ಲಿ ಕೂತರು. ಯಾರು ಯಾವ ಕಡೆಯವರೆಂದು ಬಿಡಿಸಿ ಹೇಳುವುದು ಪಂಡಿತರಿಗೂ ಕಷ್ಟವಾಯಿತು.

ಈ ಭೇದ ಗೊತ್ತಿದ್ದರೆ ಕನ್ನಡ ಯಾವುದನ್ನು ಎರವಲು ಪಡೆಯಿತು, ಯಾವುದನ್ನು ಬಾಗಿಲಲ್ಲೇ ನಿಲ್ಲಿಸಿತು ಎಂಬುದು ಸ್ವಾರಸ್ಯವಾಗಿ ಕಾಣುತ್ತದೆ. ‘ಕೂರಿಸುವ’ ಸೆಟ್ಟಿನ ಹಳೆಯ ಕೆಲಸಗಳು ನಮ್ಮಲ್ಲಿ ಬೇಕಾಗಲೇ ಇಲ್ಲ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ. ಇಂಗ್ಲಿಷಿನವರು ಮೇಜನ್ನು ಸೆಟ್ ಮಾಡುವಲ್ಲಿ ನಾವು ಎಲೆ ಹಾಕುತ್ತೇವೆ. ಹೊತ್ತು ಮುಳುಗುತ್ತದೆ, ಹಾಲು ಹೆಪ್ಪುಗಟ್ಟುತ್ತದೆ, ಬಲೆ ಒಡ್ಡುತ್ತೇವೆ, ಸಸಿ ನೆಡುತ್ತೇವೆ. ಮೂಳೆ ಮುರಿದರೂ ಅಷ್ಟೆ. ಆಂಧ್ರದ ಪುತ್ತೂರಿನ ಹೆಸರಿನಲ್ಲಿ ಕರ್ನಾಟಕದ ಊರೂರಲ್ಲಿ ಬೋರ್ಡು ಹಾಕಿಕೊಂಡವರು ಕಟ್ಟುವುದು ‘ಪುತ್ತೂರು ಕಟ್ಟು’. ಮೂಳೆ ಸೆಟ್ ಮಾಡಿಸಿಕೊಂಡೆ ಎಂದು ಯಾರೂ ಹೇಳುವುದಿಲ್ಲ.

ಹೊಸ ವಸ್ತು ಬಂದಾಗ ಮಾತ್ರ ಅದರ ಬೆನ್ನಿಗೇ ಪದ ಬಂತು. ಸಿಮೆಂಟ್ ಇದಕ್ಕೆ ಒಳ್ಳೆಯ ಸಾಕ್ಷಿ. ಮೊಸರಿಗೆ ಹೆಪ್ಪು ಎನ್ನುವ ಕನ್ನಡಿಗ ಸಿಮೆಂಟಿಗೆ ಆ ಮಾತು ಬಳಸುವುದಿಲ್ಲ. ‘ಸೆಟ್ ಆಗ್ಲಿ ತಡೀರಿ’ ಅನ್ನುತ್ತಾನೆ ಮೇಸ್ತ್ರಿ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ನೀರು ಬಿದ್ದ 30 ನಿಮಿಷಕ್ಕೆ ಮೊದಲು ಬಿಗಿಯತೊಡಗಬಾರದು, 600 ನಿಮಿಷದೊಳಗೆ ಪೂರಾ ಬಿಗಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಕೆಲಸಗಾರರಿಗೆ ಅಷ್ಟಾದರೂ ಪುರುಸೊತ್ತು ಸಿಗಲೆಂದು ಕಾರ್ಖಾನೆಯಲ್ಲೇ ಜಿಪ್ಸಂ ಬೆರೆಸಿರುತ್ತಾರೆ.

ಗುಂಪಿನ ಸೆಟ್ಟಿಗೆ ಮಾತ್ರ ಕನ್ನಡ ಎರಡೂ ಬಾಗಿಲು ತೆರೆದಿಟ್ಟಿತು. ಮದುವೆಯ ಉಡುಗೊರೆಗೆ ಜಗ್ಗಿನ ಜೊತೆ ಆರು ಲೋಟದ ಲೆಮನ್ ಸೆಟ್ಟು, ಅಜ್ಜನ ಬಾಯಿಗೆ ಹಲ್ಲುಸೆಟ್ಟು, ಪರೀಕ್ಷೆಗೆ ಪ್ರಶ್ನೆಪತ್ರಿಕೆಯ ಎ ಸೆಟ್ಟು, ಬಿ ಸೆಟ್ಟು. ರೈತರ ಪಾಲಿಗೆ ಪಂಪ್‌ಸೆಟ್. ಪಂಪು ಮತ್ತು ಮೋಟರು ಸೇರಿ ಒಂದು ಸೆಟ್ಟು ಎಂಬ ಲೆಕ್ಕ. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತವಾದ್ದರಿಂದ ‘ಐಪಿ ಸೆಟ್’ ಎಂಬುದು ಸರ್ಕಾರಿ ಕಡತದಲ್ಲೂ ಪತ್ರಿಕೆಗಳಲ್ಲೂ ಓಡಾಡುತ್ತಲೇ ಇರುತ್ತದೆ. ಹೊಲದಲ್ಲಿ ಮಾತ್ರ ಸುಡುವುದು ‘ಮೋಟ್ರು’, ಸೆಟ್ಟಲ್ಲ.

ಇನ್ನು ಸೆಟ್ ದೋಸೆ. ಅವಲಕ್ಕಿ ಸೇರಿಸಿ ರುಬ್ಬಿದ ಹಿಟ್ಟು, ಒಂದೇ ಕಡೆ ಬೇಯಿಸಿ ಮೆತ್ತಗಿಟ್ಟ ಮೈ, ಪಕ್ಕದಲ್ಲಿ ಸಾಗು, ಚಟ್ನಿ. ತಟ್ಟೆಗೆ ಸಾಮಾನ್ಯವಾಗಿ ಮೂರು ಬರುತ್ತವೆ. ಕೆಲವು ಹೋಟೆಲುಗಳಲ್ಲಿ ಅದು ಎರಡಕ್ಕೆ ಇಳಿದಿದೆ, ಬೆಲೆ ಇಳಿದಿಲ್ಲ. ಒಂದು ಸೆಟ್ಟಿಗೆ ಎಷ್ಟು ಎಂಬುದನ್ನು ಯಾವ ನಿಘಂಟೂ ಕಟ್ಟಿಕೊಡದ ಕಾರಣ ಹೋಟೆಲಿನವರೊಡನೆ ಜಗಳ ಕಾಯಲು ಆಧಾರವಿಲ್ಲ. ಟೆನಿಸ್ಸಿನವರಿಗೂ ಈ ಪಾಡು ತಪ್ಪಿರಲಿಲ್ಲ. 2010ರ ವಿಂಬಲ್ಡನ್ನಿನಲ್ಲಿ ಜಾನ್ ಇಸ್ನರ್ ಮತ್ತು ನಿಕೋಲಾ ಮಹು ಆಡಿದ ಐದನೇ ಸೆಟ್ಟು 70–68ಕ್ಕೆ ಮುಗಿಯಿತು. ಇಡೀ ಪಂದ್ಯ ಮೂರು ದಿನಗಳಲ್ಲಿ ಹರಡಿ 11 ಗಂಟೆ 5 ನಿಮಿಷ ನಡೆಯಿತು. ಸ್ಕೋರ್ ಬೋರ್ಡು 47–47ರಲ್ಲೇ ಕೈಚೆಲ್ಲಿತು. ಆಮೇಲೆ ನಿಯಮ ಬದಲಿಸಿ, ಕೊನೆಯ ಸೆಟ್ಟಿಗೂ ಟೈಬ್ರೇಕ್ ತಂದರು.

ಶಾಲೆಯ ಗಣಿತ ಪುಸ್ತಕ ಬರೆದವರು ಮಾತ್ರ ಸೆಟ್ಟನ್ನು ಹಾಗೇ ಬಿಡಲಿಲ್ಲ, ‘ಗಣ’ ಎಂದರು. ಛಂದಸ್ಸಿನ ಪಾಠದಲ್ಲಿ ಮಾತ್ರಾಗಣ ಹಾಕಿ ಸುಸ್ತಾದ ಹುಡುಗರಿಗೆ ಮುಂದಿನ ಪೀರಿಯಡ್ಡಿನಲ್ಲೇ ಇನ್ನೊಂದು ಗಣ ಎದುರಾಯಿತು. ಆದರೆ ಆ ಆಯ್ಕೆ ಎಷ್ಟು ಚೊಕ್ಕವಾಗಿದೆ ನೋಡಿ. ಗಣವೆಂದರೆ ಶಿವನ ಹಿಂದೆ ಹೊರಟ ಪರಿವಾರವೂ ಹೌದು. ಲ್ಯಾಟಿನ್ನಿನ ಸೆಕ್ಟಾ ಹೇಳುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ.

ಎರವಲು ತಂದ ಪಾತ್ರೆಯಲ್ಲಿ ಕನ್ನಡ ತನ್ನದೇ ಅಡುಗೆಯನ್ನೂ ಮಾಡಿದೆ. ಯುವಕರ ಬಾಯಲ್ಲಿ ‘ಈ ಊರು ನಂಗೆ ಸೆಟ್ಟಾಗ್ತಿಲ್ಲ’ ಎಂದರೆ ಒಗ್ಗುತ್ತಿಲ್ಲ. ‘ಅವರಿಬ್ಬರಿಗೂ ಸೆಟ್ಟಾಗಲ್ಲ’ ಎಂದರೆ ಹೊಂದಾಣಿಕೆಯಿಲ್ಲ. ‘ಲೈಫ್ ಸೆಟ್ಟಾಯ್ತು’ ಎಂದರೆ ಕೆಲಸ, ಮನೆ, ಬಹುಶಃ ಕಾರು. ಇವೆಲ್ಲಕ್ಕಿಂತ ಸೊಗಸಾದದ್ದು ಸಿನಿಮಾ ಪತ್ರಕರ್ತರ ‘ಸೆಟ್ಟೇರು’. ರಥ ಏರಿದಂತೆ, ಹಸೆಮಣೆ ಏರಿದಂತೆ ಸಿನಿಮಾ ಸೆಟ್ಟೇರುತ್ತದೆ. ಅಂದರೆ ಚಿತ್ರೀಕರಣ ಶುರುವಾಗುತ್ತದೆ. ಸ್ಟುಡಿಯೋದೊಳಗೆ ಹಲಗೆ ಹೊಡೆದು ಅರಮನೆ ಕಟ್ಟುತ್ತಿದ್ದ ಕಾಲದ ವಾಸನೆ ಆ ಪದದಲ್ಲಿದೆ. 1972ರ ‘ನಾಗರಹಾವು’ ಚಿತ್ರಕ್ಕೆ ಪುಟ್ಟಣ್ಣ ಕಣಗಾಲರು ಚಿತ್ರದುರ್ಗದ ಕೋಟೆಯನ್ನೇ ಬಳಸಿಕೊಂಡರು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ಗೆ ಆಗುಂಬೆಯನ್ನು ಆರಿಸಿಕೊಂಡರು. ಇಂದು ಕ್ಯಾಮೆರಾ ಕಾಡಿಗೆ ಹೋಗಲಿ, ಬಸ್‌ಸ್ಟ್ಯಾಂಡಿಗೆ ಹೋಗಲಿ, ಒಂದು ಹಲಗೆಯನ್ನೂ ನಿಲ್ಲಿಸದಿದ್ದರೂ ಸಿನಿಮಾ ಸೆಟ್ಟೇರುವುದು ತಪ್ಪುವುದಿಲ್ಲ. ಆಕ್ಸ್‌ಫರ್ಡಿನವರ 430ರಲ್ಲಿ ಈ ಅರ್ಥ ಇರಲು ಸಾಧ್ಯವಿಲ್ಲ. ಅದು ಹುಟ್ಟಿದ್ದು ‘ಏರು’ ಎಂಬ ಕನ್ನಡ ಧಾತುವಿನ ಕೈಹಿಡಿದ ಮೇಲೆ.

ಜಿ. ವೆಂಕಟಸುಬ್ಬಯ್ಯನವರು ಹೊರಗಿನಿಂದ ಬಂದ ಪದಗಳಿಗೆಂದೇ ‘ಎರವಲು ಪದಕೋಶ’ ಮಾಡಿದವರು. ಅವರ ದಾರಿಯಲ್ಲಿ ಮುಂದೆ ಕನ್ನಡ ನಿಘಂಟು ಪರಿಷ್ಕರಿಸುವವರಲ್ಲಿ ಒಂದು ಅರಿಕೆ: ‘ಸೆಟ್ಟೇರು’ವನ್ನು ಸೆಟ್ಟಿನ ಕೆಳಗೆ ಮೂಲೆಗೆ ತುರುಕಬೇಡಿ. ಅದಕ್ಕೆ ಸ್ವಂತ ನಮೂದು ಕೊಡಿ, ಪಕ್ಕದಲ್ಲಿ ‘ಕನ್ನಡ’ ಎಂದೇ ಗುರುತು ಹಾಕಿ.