ಸಂಬಳಕ್ಕೆ ದುಡಿದ ಜಾರ್ಜ್ ಮಾರ್ಟಿನ್

ಬೀಟಲ್ಸ್ ಅಂದರೆ ನಾಲ್ಕು ಹುಡುಗರು, ಗಿಟಾರು, ಹಣೆ ಮುಚ್ಚುವ ಕೂದಲು... ಬಹಳ ವರ್ಷ ನನಗೆ ಗೊತ್ತಿದ್ದದ್ದು ಇಷ್ಟೇ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ ಮುಂಬೈಗೆ ಬಂದ ಮೇಲೆ ಕೊಂಡ ಕ್ಯಾಸೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಐದನೇ ಹೆಸರೊಂದು ಕಂಡಿತು: ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್.

ನಮ್ಮ ಸಿನಿಮಾದಲ್ಲಿ ಪ್ರೊಡ್ಯೂಸರ್ ಅಂದರೆ ದುಡ್ಡು ಹಾಕುವವರು. ಅಲ್ಲಿ ಹಾಗಲ್ಲ ನೋಡಿ. ಯಾವ ವಾದ್ಯ ಎಲ್ಲಿ ಬರಬೇಕು, ಯಾವ ಟೇಕ್ ಉಳಿಯಬೇಕು ಅಂತ ನೋಡಿಕೊಳ್ಳುವುದು ಆತನ ಕೆಲಸ. ಲಂಡನ್ನಿನವನಾದ ಮಾರ್ಟಿನ್ ಓಬೋ ಎಂಬ ಊದುವಾದ್ಯ ಕಲಿತು, 1950ರಲ್ಲಿ ಇ.ಎಂ.ಐ. ಕಂಪನಿಯ ಪಾರ್ಲೋಫೋನ್ ವಿಭಾಗಕ್ಕೆ ಸಹಾಯಕನಾಗಿ ಸೇರಿದ. 1955ರಲ್ಲಿ, 29ನೇ ವಯಸ್ಸಿಗೇ ಅದರ ಮುಖ್ಯಸ್ಥ. ಬೇರೆಯವರು ಬೇಡವೆಂದಿದ್ದ ಬೀಟಲ್ಸನ್ನು 1962ರಲ್ಲಿ ತೆಗೆದುಕೊಂಡ.

1965ರ 'ಯೆಸ್ಟರ್ಡೇ' ಹಾಡಿಗೆ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲೊ ಸೇರಿಸೋಣ ಎಂದದ್ದು ಈತನೇ. 1966ರಲ್ಲಿ 'ಸ್ಟ್ರಾಬೆರಿ ಫೀಲ್ಡ್ಸ್' ಹಾಡಿನ ಎರಡು ಟೇಕುಗಳಲ್ಲಿ ಒಂದರ ಮೊದಲ ಭಾಗ, ಇನ್ನೊಂದರ ಉಳಿದ ಭಾಗ ಬೇಕೆಂದರು ಲೆನನ್. ಎರಡರ ಶ್ರುತಿಯೂ ಬೇರೆ, ವೇಗವೂ ಬೇರೆ! ಟೇಪಿನ ವೇಗ ಹೆಚ್ಚುಕಮ್ಮಿ ಮಾಡಿ, ಎಂಜಿನಿಯರ್ ಜೆಫ್ ಎಮೆರಿಕ್ ಜೊತೆ ಸೇರಿ ಎರಡನ್ನೂ ಬೆಸೆದ. ತಾಳೆಯಾಗದ ಎರಡು ಲೆಡ್ಜರು ಹೊಂದಿಸಿದವರಿಗೆ ಗೊತ್ತು ಆ ಕಷ್ಟ.

ಇನ್ನು ಲೆಕ್ಕಕ್ಕೆ ಬರೋಣ. 1963ರಲ್ಲಿ ಈತ ತಯಾರಿಸಿದ ರೆಕಾರ್ಡುಗಳು ಬ್ರಿಟನ್ನಿನಲ್ಲಿ 37 ವಾರ ಮೊದಲ ಸ್ಥಾನದಲ್ಲಿದ್ದವು. ಆತನಿಗೆ ಸಿಕ್ಕಿದ್ದು? ವರ್ಷಕ್ಕೆ ಸುಮಾರು 3000 ಪೌಂಡ್ ಸಂಬಳ. ರಾಯಲ್ಟಿ ಇಲ್ಲ, ಆ ಕ್ರಿಸ್‌ಮಸ್‌ಗೆ ಬೋನಸ್ಸೂ ಇಲ್ಲ. 1965ರಲ್ಲಿ ಕೆಲಸ ಬಿಟ್ಟು, ಮೂವರು ಸಹೋದ್ಯೋಗಿಗಳ ಜೊತೆ 'ಏರ್' ಎಂಬ ಸ್ವಂತ ಸಂಸ್ಥೆ ಕಟ್ಟಿದ. ಬೀಟಲ್ಸ್ ಕೆಲಸ ಮಾತ್ರ ತಪ್ಪಲಿಲ್ಲ. ಹಳೆಯ ಕಂಪನಿಯೇ ಪಾಲು ಕೊಟ್ಟು ಕರೆಸಿಕೊಳ್ಳಬೇಕಾಯಿತು. 1996ರಲ್ಲಿ ಸರ್ ಪದವಿಯೂ ಬಂತು. 2016ರಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡ.

ಇದನ್ನೆಲ್ಲ ಈಗ ಬರೆಯಲು ಕಾರಣ ನನ್ನ ಮಗ. ಎರಡು ವರ್ಷದ ಕೆಲಸ ಬಿಟ್ಟು ಸ್ವಂತದ್ದು ಮಾಡ್ತೀನಿ ಅಂತಿದಾನೆ. "ನೀವೇ ಹೇಳ್ತಿದ್ರಲ್ಲ ಅಪ್ಪಾ, ಮಾರ್ಟಿನ್ ಬಿಟ್ಟು ಗೆದ್ದ ಅಂತ" ಎಂದ. ಹೌದು ಮಗಾ, ಆದರೆ ಬಿಟ್ಟಾಗ ಆತನಿಗೆ 39. ಹದಿನೈದು ವರ್ಷ ಸಂಬಳಕ್ಕೆ ದುಡಿದು ಕಿವಿ ಪಳಗಿಸಿಕೊಂಡಿದ್ದ. ತನ್ನ ಬೆಲೆ ಏನೆಂದು ಕಂಪನಿಗಿಂತ ಚೆನ್ನಾಗಿ ಆತನಿಗೆ ಗೊತ್ತಿತ್ತು.

ಬಿಡಬೇಡ ಅಂತ ನಾನು ಹೇಳಲಿಲ್ಲ. ನಿನ್ನ ಬೆಲೆ ನಿನಗೆ ಗೊತ್ತಾಗಿದೆಯಾ ಅಂತಷ್ಟೇ ಕೇಳಿದೆ. ಉತ್ತರ ಇನ್ನೂ ಬಂದಿಲ್ಲ. ನೀವೇನಂತೀರಿ?